ಕುತ್ತಿಗೆಗೆ ಬಂದ ನೀರು

ನಾನು ಒಂದು ಹಸಿರು ಪ್ಲಾಸ್ಟಿಕ್ ಕೊಡ. ನನಗೆ ಮೂಗಿಲ್ಲ, ಇದ್ದಿದ್ದರೆ ಸಿಟ್ಟು ಅದರ ತುದಿಯಲ್ಲೇ ಇರುತ್ತಿತ್ತು. ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ಬಿಸಿ ಪ್ಲಾಸ್ಟಿಕ್ಕಿಗೆ ಗಾಳಿ ಊದಿ ನನ್ನನ್ನು ಮಾಡಿದರು. ಹೊಟ್ಟೆ ದೊಡ್ಡದು, ಕುತ್ತಿಗೆ ಸಣ್ಣದು. ಇದನ್ನು ನೆನಪಿಡಿ, ನನ್ನ ಜಗಳವೆಲ್ಲ ಇದರ ಮೇಲೆಯೇ.

ಸಂತೆಯಲ್ಲಿ ನನ್ನನ್ನು ಕೊಂಡವಳು ಸಾವಕ್ಕನ ತಾಯಿ, ದಿನಾ ಹೊತ್ತವಳು ಸಾವಕ್ಕ. ಹತ್ತನೆಯ ತರಗತಿಯ ಹುಡುಗಿ. ಓಣಿಯ ನಳದ ಕೆಳಗೆ ನನ್ನನ್ನಿಟ್ಟು ಕಟ್ಟೆಯ ಮೇಲೆ ಓದುತ್ತ ಕೂರುತ್ತಿದ್ದಳು. ನನ್ನ ಹೊಟ್ಟೆ ತುಂಬುವವರೆಗೂ ತಲೆ ಎತ್ತುತ್ತಿರಲಿಲ್ಲ. ನೀರು ಕುತ್ತಿಗೆಗೆ ಬಂದ ಸದ್ದಾದರೆ ಪುಸ್ತಕ ಮಡಚಿ ಓಡಿ ಬರುವಳು. ಅಲ್ಲಿಂದ ಮುಂದೆ ನೀರು ಸರಸರ ಏರುತ್ತದೆಂದು ಅವಳಿಗೆ ಗೊತ್ತು. ಒಂದು ಹನಿಯನ್ನೂ ಚೆಲ್ಲಿದವಳಲ್ಲ.

ಒಂದು ದಿನ ನನ್ನನ್ನು ಶಾಲೆಗೆ ಹೊತ್ತೊಯ್ದಳು. ದಿನನಿತ್ಯದ ಬದುಕಿನಿಂದಲೇ ಗಣಿತ ಕಲಿಸಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಒಂದು ಬದಲಾದಂತೆ ಇನ್ನೊಂದು ಹೇಗೆ ಬದಲಾಗುತ್ತದೆ ಎಂಬುದನ್ನು ಮಕ್ಕಳೇ ಅಳೆದು, ಗ್ರಾಫ್ ಎಳೆದು, ಸೂತ್ರ ಕಟ್ಟಬೇಕು. ಅದಕ್ಕೆ ಫಂಕ್ಷನ್ ಎನ್ನುತ್ತಾರಂತೆ. ಗಣಿತದ ಕೊಟಬಾಗಿ ಮಾಸ್ತರರು ನನ್ನನ್ನು ಮೇಜಿನ ಮೇಲೆ ಕೂರಿಸಿ, ಪಕ್ಕದಲ್ಲೊಂದು ತಂಬಿಗೆ ಇಟ್ಟು, ಮೊಬೈಲಿನಲ್ಲಿ ಫೋಟೊ ಹೊಡೆದು ಮೇಲಕ್ಕೆ ಕಳಿಸಿದರು. ಅಲ್ಲಿಗೆ ಚಟುವಟಿಕೆ ಮುಗಿಯಿತು. ನನ್ನೊಳಗೆ ಒಂದು ಗುಟುಕು ನೀರು ಬೀಳಲಿಲ್ಲ. ಗೈಡಿನಲ್ಲಿದ್ದ ನೇರ ಗೆರೆಯನ್ನು ಬೋರ್ಡಿನ ಮೇಲೆ ಎಳೆದರು.

"ಒಂದ ತಂಬಗಿಗೆ ಒಂದ ಇಂಚು ಏರತೈತಿ. ಬರಕೊಳ್ರಿ."

"ಸರ, ಕುತ್ತಿಗಿಗೆ ಬಂದ ಮ್ಯಾಲೆ ಜೋರ ಏರತೈತ್ರಿ. ಗೆರಿ ನೆಟ್ಟಗ ಬರೂದಿಲ್ರಿ," ಅಂದಳು ಸಾವಕ್ಕ.

"ಗೈಡ ಬರದಾವ್ರು ಶಾಣ್ಯಾರೋ, ನೀ ಶಾಣ್ಯಾಕೀನೋ? ಸುಮ್ಮ ಕೂಡವಾ."

ಎದುರಿಗೇ ಕೂತಿದ್ದೆ ನಾನು. ತಲೆ ಹೊರಳಿಸಿ ನನ್ನ ಕುತ್ತಿಗೆಯನ್ನೊಮ್ಮೆ ನೋಡಿದ್ದರೆ ಸಾಕಿತ್ತು. ಆ ಸಿಟ್ಟು ಇನ್ನೂ ಆರಿಲ್ಲ.

ತಪಾಸಣೆಗೆ ಬೇಕೆಂದು ಅವರು ನನ್ನನ್ನು ಅಲ್ಲೇ ಇಟ್ಟುಕೊಂಡರು. 'ಕಲಿಕೋಪಕರಣ' ಎಂಬ ಚೀಟಿ ಅಂಟಿಸಿ ಶಿಕ್ಷಕರ ಕೋಣೆಯ ಕಪಾಟಿನ ಮೇಲೆ ಏರಿಸಿದರು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನನ್ನ ಮೇಲೆಯೇ ನಾಲ್ಕು ಅಂಕದ ಪ್ರಶ್ನೆ. ಸಾವಕ್ಕ ತನಗೆ ಗೊತ್ತಿದ್ದಂತೆ ಗೆರೆಯನ್ನು ಕೊನೆಯಲ್ಲಿ ಮೇಲಕ್ಕೆ ಬಾಗಿಸಿದಳು. ಸೊನ್ನೆ ಬಂತು. ಎಂಬತ್ತರಲ್ಲಿ ಪಾಸಾಗಲು ಇಪ್ಪತ್ತೆಂಟು ಬೇಕು, ಅವಳಿಗೆ ಬಂದದ್ದು ಇಪ್ಪತ್ತೈದು.

ಉತ್ತರ ಪತ್ರಿಕೆ ಹಿಡಿದು ಕೋಣೆಗೆ ಬಂದಳು. "ಸರ, ಒಂದ್ಸಲ ನೀರ ಹಾಕಿ ನೋಡ್ರಿ. ನಪಾಸಾದ್ರ ನಮ್ಮಪ್ಪ ಸಾಲಿ ಬಿಡಸ್ತಾನ್ರಿ."

"ಟೈಮ್ ಎಲ್ಲೈತವಾ? ಪೋರ್ಷನ್ ಮುಗೀಬೇಕು."

ಪತ್ರಿಕೆಯನ್ನು ಮೇಜಿನ ಮೇಲಿಟ್ಟು, ನನ್ನ ಕಡೆ ಒಮ್ಮೆ ನೋಡಿ ಹೋದಳು. ಮರುವಾರದಿಂದ ಹಾಜರಿಯಲ್ಲಿ ಅವಳ ಹೆಸರು ಕೂಗುವುದು ನಿಂತಿತು.

ಆರು ವರ್ಷ ನಾನು ಧೂಳು ಕುಡಿದೆ. ಆಮೇಲೆ ಬಡಿಗೇರ ಟೀಚರ್ ಎಂಬ ಹೊಸಬರು ಬಂದರು. ನನ್ನನ್ನು ಇಳಿಸಿ, ತೊಳೆದು, ಮಕ್ಕಳ ಕೈಯಿಂದ ಒಂದೊಂದಾಗಿ ಹನ್ನೆರಡು ತಂಬಿಗೆ ನೀರು ಹಾಕಿಸಿದರು. ಪ್ರತಿ ಸಲವೂ ಸ್ಕೇಲಿನಿಂದ ಅಳೆದು ಚುಕ್ಕಿ ಇಡಿಸಿದರು. ಕುತ್ತಿಗೆಗೆ ಬರುತ್ತಲೇ ಗೆರೆ ಮೇಲಕ್ಕೆ ಬಾಗಿತು. ಬಾಗಿಲಲ್ಲಿ ನಿಂತಿದ್ದ ಕೊಟಬಾಗಿ ಮಾಸ್ತರರ ಮುಖ ಕಪ್ಪಿಟ್ಟಿತು.

"ಸಾವಕ್ಕ ಅನ್ನಾಕಿ ಇದನ್ನ ಹೇಳಿದ್ಲು," ಅಂದರು.

"ಹೌದ್ರಿ? ಈಗ ಎಲ್ಲದಾಳ್ರಿ ಅಕಿ?"

 ಮಾಸ್ತರರು ಹೋಗಿ ಅವಳ ಉತ್ತರ ಪತ್ರಿಕೆಗಾಗಿ ಹಳೆಯ ಕಪಾಟುಗಳನ್ನೆಲ್ಲ ಜಾಲಾಡಿದರು. ಆ ವರ್ಷದ ಪತ್ರಿಕೆಗಳು ಎಂದೋ ರದ್ದಿಗೆ ಹೋಗಿದ್ದವು.

ಈಗ ನನ್ನ ತಳ ಸೀಳಿದೆ. ಮೂಲೆಯಲ್ಲಿ ಕಸಬರಿಗೆ ಹೊತ್ತು ನಿಂತಿದ್ದೇನೆ. ಎದುರಿನ ಗೋಡೆಯ ಮೇಲೆ ಆ ಬಾಗಿದ ಗೆರೆ ತೂಗುತ್ತಿದೆ. ಅದನ್ನು ಬರೆದ ಮಕ್ಕಳಿಗೆ ನಾಲ್ಕಕ್ಕೆ ನಾಲ್ಕು. ಕೊಟಬಾಗಿ ಮಾಸ್ತರರು ದಿನಾ ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ನನಗೆ ಕನಿಕರ ಬರುವುದಿಲ್ಲ. ಅಂದು ಹನ್ನೆರಡು ತಂಬಿಗೆ ನೀರು ಹಾಕಿದ್ದರೆ ಸಾವಕ್ಕ ಶಾಲೆಯಲ್ಲಿ ಉಳಿಯುತ್ತಿದ್ದಳು.