ಚಪ್ಪಾಳೆಗೆ ಮುಂಚಿನದು

ಬೆಳಗಿನ ಹನ್ನೊಂದು ಗಂಟೆ. ಬೆಳ್ಳಟ್ಟಿಯ ಉಡಚವ್ವ ಗಂಡನ ಫೋಟೋ ಕೇಳಿಕೊಂಡು ಬೆಟಗೇರಿಯ ಅಶ್ಫಾಕನ ಸ್ಟುಡಿಯೋಕ್ಕೆ ಬಂದಿದ್ದಳು. ಗಾಳೆಪ್ಪ ತೀರಿಕೊಂಡು ಇನ್ನೂ ವಾರವಾಗಿರಲಿಲ್ಲ.

“ಆಧಾರ ಕಾರ್ಡಿನ್ಯಾಗಿಂದು ಬ್ಯಾಡಪಾ. ಅದರಾಗ ಅವ್ರು ಪೊಲೀಸ್ರು ಹಿಡಕೊಂಡು ಹೋದವರಂಗ ಕಾಣ್ತಾರ,” ಎಂದಳು. “ನೀ ನಮ್ಮ ಮನಿಯಾಗ ಕ್ಯಾಮೆರಾ ಇಟ್ಟಿದ್ದ್ಯಲ್ಲ, ಸಲಸಲಕ್ಕೂ ಅವ್ರು ಮುಂದ ಬಂದು ಚಪ್ಪಾಳಿ ಹೊಡೀತಿದ್ರು. ಅದರಾಗಿಂದು ಒಂದು ತಗದು ಕೊಡು. ದಿನಕರ್ಮಕ್ಕ ಇಟ್ಟು ಹಾರ ಹಾಕಬೇಕು.”

“ಕುಂಡ್ರಿ ಅವ್ವಾರ,” ಎಂದು ಅಶ್ಫಾಕ ಕುರ್ಚಿ ಸರಿಸಿದ. ಕಂಪ್ಯೂಟರಿನ ಕಡೆ ತಕ್ಷಣ ತಿರುಗಲಿಲ್ಲ.

ಬೇಸಿಗೆಯಲ್ಲಿ ಅವನು ಕೌದಿ ಹೊಲಿಯುವ ಹೆಂಗಸರ ಹಾಡುಗಳನ್ನು ಚಿತ್ರೀಕರಿಸಿದ್ದ. ಎರಡು ಕ್ಯಾಮೆರಾ, ದನಿಗೆ ಬೇರೆ ರೆಕಾರ್ಡರ್. ಮೂರನ್ನೂ ಆಮೇಲೆ ಕಂಪ್ಯೂಟರಿನಲ್ಲಿ ಹೊಂದಿಸಲು ಪ್ರತಿ ಶಾಟಿನ ಮೊದಲಿಗೆ ಒಂದು ಚಪ್ಪಾಳೆ ಬೇಕು. ಕೈ ಕೂಡಿದ ಚಿತ್ರಕ್ಕೆ ಆ ಸದ್ದು ಸರಿಯಾಗಿ ಕೂತರೆ ಉಳಿದದ್ದೆಲ್ಲ ತಾನಾಗಿ ಕೂಡುತ್ತದೆ. ಹಾಡಲು ಒಲ್ಲೆ, ಹೊಲಿಯಲು ಬಾರದು ಎಂದು ಬಾಗಿಲಲ್ಲೇ ನಿಂತಿದ್ದ ಗಾಳೆಪ್ಪನಿಗೆ ಅಶ್ಫಾಕ ಆ ಕೆಲಸ ಒಪ್ಪಿಸಿದ. ಮರುದಿನ ಗಾಳೆಪ್ಪ ದಾಡಿ ಮಾಡಿಸಿಕೊಂಡು, ಹಳದಿ ರುಮಾಲು ಸುತ್ತಿಕೊಂಡು ಕಾದಿದ್ದ.

ಫೂಟೇಜು ಜೋಡಿಸುವುದರಲ್ಲಿ ಅಶ್ಫಾಕ ಕಟ್ಟುನಿಟ್ಟು. ಹಾಡಿದ ಒಬ್ಬೊಬ್ಬರ ಹೆಸರಿಗೂ ಒಂದು ಫೋಲ್ಡರ್. ದನಿ ಮತ್ತು ಚಿತ್ರ ಕೂಡಿದ ಮೇಲೆ ಚಪ್ಪಾಳೆಯವರೆಗಿನದನ್ನು ಕತ್ತರಿಸಿ, ಬೇಕಾದಷ್ಟನ್ನೇ ಡಿಸ್ಕಿನಲ್ಲಿಟ್ಟು, ಕ್ಯಾಮೆರಾದ ಕಾರ್ಡುಗಳನ್ನು ಮುಂದಿನ ಮದುವೆಯ ಶೂಟಿಂಗಿಗೆ ಖಾಲಿ ಮಾಡಿಬಿಡುತ್ತಿದ್ದ. ಗಾಳೆಪ್ಪನ ಹೆಸರಿನ ಫೋಲ್ಡರ್ ಇರಲಿಲ್ಲ. ಕತ್ತರಿಸುವಾಗ ಆ ಹಳದಿ ರುಮಾಲನ್ನು ಅವನು ನೋಡಿದ್ದ, ನಕ್ಕೂ ಇದ್ದ.

ಬೇರೆ ದಾರಿ ಕಾಣದೆ ಉಡಚವ್ವನ ಫೋಲ್ಡರ್ ತೆರೆದ. ಪರದೆಯ ಮೇಲೆ ಅವಳು ತೊಡೆಯ ಮೇಲೆ ಕೌದಿ ಹರವಿಕೊಂಡು ಎಡಕ್ಕೆ ಯಾರನ್ನೋ ನೋಡಿ ನಗುತ್ತಿದ್ದಳು. ನಗು ಆರುವ ಮುಂಚೆಯೇ ಹಾಡು ಶುರುವಾಯಿತು.

“ಅಗಾ, ಅವ್ರು ಈಗ ಆ ಕಡೆ ಹೋದ್ರು. ಚೂರು ಹಿಂದ ಸರಸು.”

“ಹಿಂದ ಇಲ್ರಿ ಅವ್ವಾರ.”

“ಇಲ್ಲಂದ್ರ?”

“ತಗದ ಹಾಕೇನ್ರಿ. ಎಲ್ಲಾದರಾಗೂ. ಆ ಕಾರ್ಡಿನ ಮ್ಯಾಲ ಮದುವಿ ಶೂಟಿಂಗೂ ಆಗಿ ಹೋಗ್ಯಾವು. ತಪ್ಪಾತ್ರಿ.”

ಉಡಚವ್ವ ಪರದೆಯ ಮೇಲೆ ಹಾಡುತ್ತಿದ್ದ ತನ್ನನ್ನೇ ನೋಡುತ್ತ ಕೂತಳು. “ನನ್ನ ಇಟಗೊಂಡೀ,” ಎಂದಳು. “ನಾ ಇನ್ನೂ ಅದೀನಲ್ಲಪಾ.”

ಅಶ್ಫಾಕನಿಗೆ ಆಗ ರೆಕಾರ್ಡರಿನ ಫೈಲು ನೆನಪಾಯಿತು. ದನಿಯ ಫೈಲುಗಳು ಚಿಕ್ಕವು, ಜಾಗ ತಿನ್ನುವುದಿಲ್ಲ, ಅವನ್ನು ಕತ್ತರಿಸಿರಲಿಲ್ಲ. ಒಂದನ್ನು ಹಚ್ಚಿದ.

“ಹೊಡೀಲೇನ್ರಿ ಸಾಹೇಬ್ರ?” ಗಾಳೆಪ್ಪನ ದನಿ. “ತಡೀರಿ, ತಡೀರಿ. ಇಕಿ ಇನ್ನೂ ಸೂಜ್ಯಾಗ ದಾರ ಪೋಣಸಾಕತ್ತಾಳ. ನಾಳಿತನಕಾ ಪೋಣಸ್ತಾಳ.”

“ನೀವು ನಿಮ್ಮ ಕೆಲಸಾ ನೋಡ್ರಿ,” ಉಡಚವ್ವನ ದನಿ. “ದೊಡ್ಡ ಚಪ್ಪಾಳಿ ಸಾಹುಕಾರ್ರು!”

ಹೆಂಗಸರ ನಗು. ಚಪ್ಪಾಳೆ. ಹಾಡು ಶುರುವಾಗುವ ಮುಂಚೆ ಅಶ್ಫಾಕ ನಿಲ್ಲಿಸಿದ.

ಉಡಚವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಪರದೆಯ ಮೇಲೆ ಮೂಡಿದ್ದ ದನಿಯ ಸಣ್ಣ ಅಲೆಗಳ ನಡುವೆ ಉದ್ದಕ್ಕೆ ಎದ್ದು ನಿಂತಿದ್ದ ಒಂದು ಗೆರೆಯನ್ನು ತೋರಿಸಿದಳು.

“ಇದೇನು?”

“ಅದ ಚಪ್ಪಾಳಿರಿ.”

ಅವಳು ಗೆರೆಯ ಮೇಲೆ ಬೆರಳಿಟ್ಟಳು. “ಇನ್ನೊಮ್ಮಿ ಹಚ್ಚು,” ಎಂದಳು.

ಅಶ್ಫಾಕ ಚಪ್ಪಾಳೆಗೆ ಮುಂಚಿನ ಅಂಥ ತುಣುಕುಗಳನ್ನೆಲ್ಲ ಆರಿಸಿ ಅವಳ ಫೋನಿಗೆ ಹಾಕಿಕೊಟ್ಟ. ಬಸ್ಸು ಹತ್ತುವ ಮುಂಚೆ ಉಡಚವ್ವ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಗಂಡನ ಆಧಾರ ಕಾರ್ಡು ಕೊಟ್ಟು ಅದರ ಫೋಟೋ ದೊಡ್ಡದು ಮಾಡಿಸಿದಳು. ದಿನಕರ್ಮದಂದು ಅದಕ್ಕೇ ಹಾರ ಹಾಕಿದರು.