ಸ್ಟೂಲಿನ ಮೇಲಿನವನ ನಾಡಿ

"ಕೂತಲ್ಲೇ ಕೂತಿರೋರ ಮೈ ಹೇಗಿರುತ್ತೆ ಅಂತ ಪುಸ್ತಕದಲ್ಲಿ ಯಾಕೆ ಹುಡುಕ್ತೀರಿ? ಇಲ್ಲೇ ಸ್ಟೂಲ್ ಮೇಲಿದೆ, ಕಣ್ತುಂಬಾ ನೋಡ್ಕೊಳ್ಳಿ!"

ಮೆಡಿಕಲ್ ಕಾಲೇಜಿನ ಲಿಫ್ಟಿನೊಳಗೆ ನಿಂತು ಪ್ರೊಫೆಸರ್ ಮೇಡಂ ಹೀಗಂದಾಗ ಸುತ್ತ ಇದ್ದ ವಿದ್ಯಾರ್ಥಿಗಳೆಲ್ಲ ಕಿಸಕ್ಕನೆ ನಕ್ಕರು. ಲಿಫ್ಟ್ ನಡೆಸುವವನಿಗೆ ಮೈಯೆಲ್ಲ ಉರಿದುಹೋಯಿತು. ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು ಅವನು, ಓದಿದವರ ನಗು ಅವನಿಗೇನೂ ಹೊಸದಲ್ಲ. ಆದರೆ ಮೂಲೆಯಲ್ಲಿ ಅವನ ತಂಗಿ ನಿಂತಿದ್ದಳು. ಅದೇ ಕಟ್ಟಡದಲ್ಲಿ ನರ್ಸಿಂಗ್ ಓದುವವಳು. ಅವಳು ನಗಲಿಲ್ಲ, ತಲೆ ತಗ್ಗಿಸಿ ತನ್ನ ಶೂ ನೋಡಿಕೊಂಡಳು. ಚುಚ್ಚಿದ್ದು ಅದು.

ಮೇಡಂ ಕೆಟ್ಟವರಲ್ಲ. ಕಳೆದ ಪರೀಕ್ಷೆಯಲ್ಲಿ ಅವರ ಅರ್ಧ ಕ್ಲಾಸು ಮಕಾಡೆ ಮಲಗಿತ್ತು. ನಿದ್ದೆಗೆಟ್ಟು, ತಿಂಡಿ ಬಿಟ್ಟು, ಬರೀ ಕಾಫಿಯ ಮೇಲೆ ಜೀವ ಹಿಡಿದವರು ಓದಿದ್ದು ಬೆಟ್ಟದಷ್ಟು, ಬರೆದದ್ದು ಬೆರಳಷ್ಟು. ಮೈ ಕೆಟ್ಟರೆ ತಲೆಯೂ ಓಡದು ಎಂದು ತೋರಿಸಲು ಮೇಡಂ ಒಂದು ಚಾರ್ಟ್ ಮಾಡುತ್ತಿದ್ದರು. ಎಡಕ್ಕೆ 'ಮೈ ಬಗ್ಗಿಸದವರು', ಬಲಕ್ಕೆ 'ಆರೋಗ್ಯವಂತರು'.

"ನಾಳೆ ಹತ್ತಕ್ಕೆ ಲ್ಯಾಬಿಗೆ ಬಾಪ್ಪಾ. ನಾಡಿ ಎಣಿಸಿ ನಿನ್ನ ಫೋಟೊ ಎಡಗಡೆ ಹಾಕ್ತೀನಿ. ಬಾಗಿಲಿಗೇ ಅಂಟಿಸೋಣ. ನೋಡಿದೋರಿಗೆ ಸ್ವಲ್ಪ ಭಯ ಬರ್ಲಿ."

ಆ ಬಾಗಿಲ ಮುಂದೆಯೇ ತಂಗಿ ದಿನಾ ಗೆಳತಿಯರ ಜೊತೆ ಕ್ಲಾಸಿಗೆ ಹೋಗುವುದು.

ಅಷ್ಟರಲ್ಲಿ ಇನ್ನಿಬ್ಬರು ಓಡಿಬಂದು ನುಗ್ಗಿದರು. ಲಿಫ್ಟ್ ಕುಂಯ್ ಎಂದಿತು. ಭಾರ ಹೆಚ್ಚಾದರೆ ಅದು ಹಾಗೇ ಕೂಗುತ್ತದೆ, ಜಪ್ಪಯ್ಯ ಅಂದರೂ ಕದಲುವುದಿಲ್ಲ. ಯಾರಾದರೂ ಇಳಿಯಬೇಕು. ಎಲ್ಲರೂ ಚಾವಣಿ ನೋಡಿದರು. ಎಂದಿನಂತೆ ಅವನೇ ಗುಂಡಿ ಒತ್ತಿ ಇಳಿದ. ಇಳಿದು ಸುಮ್ಮನಿರುವಂತೆಯೂ ಇಲ್ಲ, ಲ್ಯಾಬಿರುವ ನಾಲ್ಕನೇ ಮಹಡಿಯ ಜಾಲರಿ ಬಾಗಿಲು ಮಹಾ ಹಟಮಾರಿ, ಹೊರಗಿನಿಂದ ಎಳೆದರಷ್ಟೇ ತೆರೆಯುವುದು. ಎರಡೆರಡು ಮೆಟ್ಟಿಲು ಹಾರಿ ಮೇಲೆ ತಲುಪಿ ಬಾಗಿಲು ಎಳೆದ. ದಿನಕ್ಕೆ ಇಪ್ಪತ್ತು ಸಲ ಇದೇ ಪಾಡು.

"ಬಾಗಿಲು ತೆಗೆಯೋಕೆ ಎಷ್ಟೊತ್ತಪ್ಪಾ!" ಎನ್ನುತ್ತ ಮೇಡಂ ಹೊರಗೆ ಬಂದರು. ಅವನು ಕೆಳಗೆ ಇಳಿದದ್ದಾಗಲಿ, ಮೇಲೆ ಹತ್ತಿದ್ದಾಗಲಿ ಅವರ ಕಣ್ಣಿಗೆ ಬಿದ್ದಿರಲಿಲ್ಲ.

ತಂಗಿ ಹಿಂದೆ ಉಳಿದಳು. "ಅಣ್ಣಾ, ನಾಳೆ ಹೋಗ್ಬೇಡ. ಹುಷಾರಿಲ್ಲ ಅಂದ್ಬಿಡು."

"ಹುಷಾರಿಲ್ಲ ಅಂದ್ರೆ ಇನ್ನೂ ದೊಡ್ಡ ಫೋಟೊ ಹಾಕ್ತಾರೆ ಕಣೇ."

ಮರುದಿನ ಲ್ಯಾಬಿನಲ್ಲಿ ಮೊಣಕಾಲೆತ್ತರದ ಮರದ ಪೆಟ್ಟಿಗೆ ಇಟ್ಟಿದ್ದರು. ಐದು ನಿಮಿಷ ಬಿಡದೆ ಹತ್ತಿ ಇಳಿಯಬೇಕು, ಆಮೇಲೆ ನಾಡಿ ಎಣಿಕೆ. ಮೊದಲು ಬಂದವನು ಕ್ಲಾಸಿನ ಜಾಣ. ಪಾಠವನ್ನು ಅಲ್ಪವಿರಾಮ ಸಮೇತ ಒಪ್ಪಿಸುವುದರಿಂದ ಎಲ್ಲರೂ ಅವನನ್ನು ಕರೆಯುವುದು 'ಕಂಠಪಾಠ' ಎಂದೇ. ವ್ಯಾಯಾಮದಿಂದ ಹೃದಯಕ್ಕೆ ಆಗುವ ಒಂಬತ್ತು ಲಾಭಗಳನ್ನು ಗಡಗಡ ಹೇಳಿ ಹತ್ತತೊಡಗಿದ. ಎರಡೇ ನಿಮಿಷ. ಪೆಟ್ಟಿಗೆಯ ಮೇಲೇ ಕುಸಿದು ಕೂತ.

"ಕಂಠಪಾಠಾ, ಉಳಿದಿದ್ದು ಬಾಯಲ್ಲೇ ಹತ್ತಿಬಿಡೋ!" ಎಂದು ಹಿಂದಿನ ಸಾಲಿನವನೊಬ್ಬ ಕೂಗಿದ.

"ಬೆಳಿಗ್ಗೆ ಏನು ತಿಂದೆ?" ಎಂದರು ಮೇಡಂ.

"ಕಾಫಿ, ಮೇಡಂ."

"ತಿಂದಿದ್ದೇನು ಅಂತ ಕೇಳಿದ್ದು."

"ಎರಡು ಕಾಫಿ, ಮೇಡಂ."

ನಾಡಿ ನೂರಾ ಅರುವತ್ತು.

ಈಗ ಲಿಫ್ಟಿನವನ ಸರದಿ. ಬಾಗಿಲ ಹತ್ತಿರ ನರ್ಸಿಂಗ್ ಹುಡುಗಿಯರ ನಡುವೆ ತಂಗಿಯ ಮುಖ ಕಂಡಿತು. ಚಪ್ಪಲಿ ಬಿಟ್ಟು ಪೆಟ್ಟಿಗೆ ಹತ್ತಿದ. ಸಿಟ್ಟೆಲ್ಲ ಪಾದಕ್ಕಿಳಿದಂತೆ ದಡದಡ ಹತ್ತಿದ, ಇಳಿದ. ಐದು ನಿಮಿಷವಾಯಿತು. ಆರಾಯಿತು. "ಸಾಕೋ ಮಾರಾಯಾ!" ಎಂದು ಮೇಡಮ್ಮೇ ನಿಲ್ಲಿಸಬೇಕಾಯಿತು. ಒಂದು ನಿಮಿಷ ಕೂರಿಸಿ, ನಾಡಿ ಹಿಡಿಯಲು ಕಂಠಪಾಠನಿಗೆ ಹೇಳಿದರು.

"ಮೇಡಂ, ಎಲ್ಲೋ ತಪ್ಪಾಗಿದೆ. ತುಂಬಾ ನಿಧಾನ ಇದೆ."

ಮೇಡಂ ತಾವೇ ಎಣಿಸಿದರು. ಗಡಿಯಾರ ಕೊಡವಿ ಕಿವಿಗೆ ಹಿಡಿದರು. ಮತ್ತೆ ಎಣಿಸಿದರು. ಎಪ್ಪತ್ತೆರಡು. ಚಾರ್ಟಿನ ಎಡಗಡೆ ಮೊದಲೇ ಅಂಟಿಸಿಟ್ಟಿದ್ದ ಅವನ ಫೋಟೊ ಕಿತ್ತು ಬಲಗಡೆ ಅಂಟಿಸಿದರು.

"ಎಡಗಡೆ ಖಾಲಿ ಆಯ್ತಲ್ಲಾ?" ಎಂದು ಕ್ಲಾಸಿನತ್ತ ತಿರುಗಿದರು. ಅಷ್ಟೂ ಜನ ತಲೆ ತಗ್ಗಿಸಿ ತಂತಮ್ಮ ಶೂ ನೋಡಿಕೊಂಡರು. ತಂಗಿಯೊಬ್ಬಳೇ ನೆಟ್ಟಗೆ ನೋಡುತ್ತಿದ್ದಳು.

"ನಿಜ ಹೇಳಪ್ಪಾ, ಯಾವ ಜಿಮ್ಮಿಗೆ ಹೋಗ್ತೀಯ? ಈ ಸೋಮಾರಿಗಳಿಗೂ ಸ್ವಲ್ಪ ಹೇಳು."

ಉತ್ತರ ನಾಲಿಗೆಯ ತುದಿಗೇ ಬಂದಿತ್ತು, ಖಾರ ಸಮೇತ. ಬಾಯಿ ತೆರೆದ. ಅದೇ ಹೊತ್ತಿಗೆ ಕೆಳಗೆ ಲಿಫ್ಟ್ ಕುಂಯ್ ಎಂದಿತು. ಯಾರೂ ಇಳಿದ ಸದ್ದಿಲ್ಲ. ಕುಂಯ್ ನಿಲ್ಲಲೂ ಇಲ್ಲ. "ಲಿಫ್ಟಣ್ಣಾ, ಎಲ್ಲಿದ್ದೀಯಾ?" ಎಂದು ಒಳಗಿನವರು ಕೂಗಿಕೊಂಡರು.

ಅವನು ಚಪ್ಪಲಿ ಮೆಟ್ಟಿಕೊಂಡು ಲ್ಯಾಬಿನಿಂದ ಹೊರಬಿದ್ದು ಮೆಟ್ಟಿಲ ಕಡೆ ತಿರುಗಿದ.

"ಅಯ್ಯೋ, ಅಷ್ಟು ಸುಸ್ತಾಗಿದ್ದೀಯ, ಲಿಫ್ಟಲ್ಲಿ ಹೋಗಪ್ಪಾ!" ಎಂದು ಮೇಡಂ ಹಿಂದಿನಿಂದ ಕೂಗಿ ಹೇಳಿದರು.

ಅವನು ಹಿಂತಿರುಗಿ ನೋಡದೆ ಎರಡೆರಡು ಮೆಟ್ಟಿಲಿಳಿದು ಹೋಗಿಬಿಟ್ಟ.