ಕಪಾಟು ಹತ್ತಿದ ಬಾಗಿಲಿನ ಕಣ್ಣುಗಳು

ನಮ್ಮ ಗ್ಯಾರೇಜಿನ ಬಾಗಿಲು ಒಂದು ವಾರದಿಂದ ಹಠ ಹಿಡಿದಿತ್ತು. ಗುಂಡಿ ಒತ್ತಿದರೆ ಅರ್ಧದವರೆಗೆ ಇಳಿಯುತ್ತಿತ್ತು, ಏನೋ ಮರೆತವರಂತೆ ಮತ್ತೆ ಮೇಲಕ್ಕೆ ಹೋಗುತ್ತಿತ್ತು. ನಿಮ್ಮ ಮನೆಯಲ್ಲೂ ಹೀಗಾಗಿದ್ದರೆ ಆ ಸಿಟ್ಟು ನಿಮಗೆ ಗೊತ್ತು.

ಸಂಜೆ ಕಾರು ನಿಲ್ಲುವ ಆ ಜಾಗವೇ ಹಗಲಿಗೆ ನನ್ನ ಹೊಲಿಗೆ ಅಂಗಡಿ. ಬಾಗಿಲ ಬಳಿ, ಬೆಳಕು ಚೆನ್ನಾಗಿ ಬೀಳುವ ಕಡೆ, ಗಿಡ್ಡ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ನಮ್ಮ ಮಾವ ಕೂರುತ್ತಾರೆ. ಸಿದ್ಧವಾದ ಬಟ್ಟೆಯ ಕಚ್ಚಾ ಹೊಲಿಗೆ ಬಿಚ್ಚುವುದು ಅವರ ಕೆಲಸ. ಕಣ್ಣು ಚುರುಕು, ಕಿವಿ ಮಾತ್ರ ಮಂದ. ಬಾಗಿಲು ಇಳಿಯುವ ಸದ್ದು ಅವರಿಗೆ ಕೇಳಿಸುವುದಿಲ್ಲ.

ನಮ್ಮ ಯಜಮಾನರು ಗಡಿಯಾರ ರಿಪೇರಿಯವರು. ತಮ್ಮ ಕೈಯಲ್ಲಿ ಆಗದ ಕೆಲಸವೇ ಇಲ್ಲ ಎಂಬುದು ಅವರ ನಂಬಿಕೆ. "ಕೈಗಡಿಯಾರ ಬಿಚ್ಚೋನಿಗೆ ಈ ಬಾಗಿಲು ಯಾವ ಲೆಕ್ಕ" ಎಂದು ಒಂದು ಭಾನುವಾರ ಸ್ಕ್ರೂಡ್ರೈವರ್ ಹಿಡಿದರು. ಬಾಗಿಲಿನ ಎರಡೂ ಬದಿಗೆ, ಪಾದದ ಮಟ್ಟದಲ್ಲಿ, ಒಂದನ್ನೊಂದು ನೋಡುವ ಎರಡು ಪುಟ್ಟ ಕಣ್ಣುಗಳಿವೆ. ನಡುವೆ ಯಾರಾದರೂ ಬಂದರೆ ಬಾಗಿಲು ವಾಪಸ್ ಮೇಲೇರಲಿ ಎಂದು ಇಟ್ಟ ಸೆನ್ಸರ್‌ಗಳು ಅವು. ಇವರು ಎರಡನ್ನೂ ಬಿಚ್ಚಿ ಕಪಾಟಿನ ಮೇಲೆ, ನಡುವೆ ಯಾರೂ ಬರಲಾಗದಂತೆ, ಹತ್ತಿರ ಎದುರುಬದುರು ಕೂರಿಸಿದರು. ಸಾಲದೆಂದು, ಮೋಟಾರು ಎಷ್ಟು ಬಲವಾಗಿ ಒತ್ತಬೇಕೆಂದು ನಿಗದಿ ಮಾಡುವ ತಿರುಪನ್ನೂ ಎರಡು ಸುತ್ತು ಹೆಚ್ಚಿಸಿದರು. ಬಾಗಿಲು ತೆಪ್ಪಗೆ ಇಳಿಯಿತು. ಸುಳ್ಳೇಕೆ ಹೇಳಲಿ, ನಾನೂ ಹೊಗಳಿದೆ.

ಮೂರು ವಾರದ ನಂತರ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಯಜಮಾನರ ಅಕ್ಕ ಬಂದರು. ನನ್ನ ಈ ಅತ್ತಿಗೆ ಲಿಫ್ಟ್ ಮೆಕ್ಯಾನಿಕ್. ಅಳತೆ ಕೊಡುತ್ತ ನಿಂತವರ ದೃಷ್ಟಿ ಕಪಾಟಿನ ಮೇಲೆ ಹೋಯಿತು.

"ಇವು ಇಲ್ಲಿ ಕೂತು ಯಾರನ್ನ ಕಾಯ್ತಿವೆ?" ಎಂದರು.

"ಬಾಗಿಲು ಹಠ ಮಾಡ್ತಿತ್ತಕ್ಕ. ಈಗ ನೋಡು, ಹೇಳಿದ ಮಾತು ಕೇಳುತ್ತೆ" ಎಂದರು ಯಜಮಾನರು.

"ಕೆಳಗೆ ಅಪ್ಪ ಕೂತಿದ್ರೆ?"

"ತಾಗಿದ ಕೂಡಲೇ ತಾನೇ ವಾಪಸ್ ಹೋಗುತ್ತೆ. ಅಷ್ಟೂ ಗೊತ್ತಾಗಲ್ವಾ ಅದಕ್ಕೆ? ನೀನು ಎಲ್ಲದಕ್ಕೂ ಹೆದರ್ತೀಯ."

"ಹೆದರೋದೇ ನನ್ನ ಕಸುಬು ಕಣೋ. ಎಲ್ಲಿ, ಮಾಡಿ ತೋರಿಸು."

ಮಾವ ಆಗಷ್ಟೇ ಟೀ ಕುಡಿಯಲು ಎದ್ದು ಒಳಗೆ ಹೋಗಿದ್ದರು. ಅವರ ಸ್ಟೂಲ್ ಇದ್ದ ಜಾಗದಲ್ಲೇ ಇತ್ತು. ಅತ್ತಿಗೆ ನಮ್ಮನ್ನು ಹಿಂದಕ್ಕೆ ನಿಲ್ಲಿಸಿದರು. ಯಜಮಾನರು ನಗುತ್ತ ಗುಂಡಿ ಒತ್ತಿದರು.

ಬಾಗಿಲು ಇಳಿಯಿತು. ಸ್ಟೂಲಿಗೆ ತಾಗಿತು. ನಿಲ್ಲಲಿಲ್ಲ. ಸ್ಟೂಲಿನ ಕಾಲುಗಳು ಸೊಟ್ಟಗಾಗಿ, ಲಟಕ್ಕನೆ ಒಂದು ಮುರಿದ ಮೇಲಷ್ಟೇ ಮೋಟಾರು ಗುಂಯ್ಗುಟ್ಟಿ ನಿಂತಿತು. ಯಜಮಾನರ ಮುಖದ ನಗು ಎಲ್ಲಿ ಹೋಯಿತೋ. ಆ ಸ್ಟೂಲಿನ ಮೇಲೆ ಮೂರು ವಾರ ಯಾರು ಕೂತಿದ್ದರೆಂದು ನಮಗೆ ಬಿಡಿಸಿ ಹೇಳಬೇಕಿರಲಿಲ್ಲ.

ಟೀ ಲೋಟ ಹಿಡಿದು ಮಾವ ಬಂದರು. "ನನ್ನ ಸ್ಟೂಲ್ ಮುರಿದೋರು ಯಾರು?"

ಯಜಮಾನರು ಲೋಟ ಇಸಿದುಕೊಂಡು ಪಕ್ಕಕ್ಕಿಟ್ಟು, ಅಪ್ಪನ ಎರಡೂ ಕೈ ಹಿಡಿದುಕೊಂಡು ನಿಂತರು. ಕಣ್ಣು ತುಂಬಿತ್ತು.

"ಒಂದು ಸ್ಟೂಲಿಗೆ ಯಾರಾದ್ರೂ ಅಳ್ತಾರೇನೋ" ಎಂದರು ಮಾವ. ನಮಗೆ ಅಳುವಿನ ನಡುವೆ ನಗು ಬಂತು. ಸದ್ಯ, ಮುರಿದದ್ದು ಸ್ಟೂಲು ಮಾತ್ರ.

ಅತ್ತಿಗೆ ಸ್ಟೂಲ್ ತೆಗೆಸಿ, ಬಾಗಿಲು ಪೂರ್ತಿ ಮುಚ್ಚಿ, ಮೋಟಾರಿನ ಪ್ಲಗ್ ಕಿತ್ತರು. ಸೆನ್ಸರ್ ಒಂದನ್ನು ನನ್ನ ಮುಂದೆ ಹಿಡಿದರು. ಗಾಜಿನ ಮೇಲೆ ನೂಲಿನ ಧೂಳು ಮೆತ್ತಿತ್ತು.

"ಇದರ ಕಾಯಿಲೆ ಇಷ್ಟೇ. ಮೆತ್ತನೆ ಬಟ್ಟೇಲಿ ಒರೆಸಿದ್ರೆ ಸಾಕಿತ್ತು."

ಮನೆ ತುಂಬ ತುಂಡು ಬಟ್ಟೆ ಇಟ್ಟುಕೊಂಡ ನಾನು ತಲೆ ತಗ್ಗಿಸಿದೆ. ಒರೆಸಿದ ಕಣ್ಣುಗಳು ತಮ್ಮ ಜಾಗಕ್ಕೆ, ನೆಲದಿಂದ ಆರು ಅಂಗುಲದೊಳಗೆ ಮರಳಿದವು.

"ತಿರುಪನ್ನೂ ನೀನೇ ಸರಿ ಮಾಡಿಬಿಡಕ್ಕ."

"ನಾನು ಲಿಫ್ಟಿನವಳಪ್ಪ. ಇದರ ತಿರುಪು, ಸ್ಪ್ರಿಂಗು ಈ ಬಾಗಿಲಿನ ಮೆಕ್ಯಾನಿಕ್ಕೇ ಮುಟ್ಟಬೇಕು. ಬಿಗಿದ ಸ್ಪ್ರಿಂಗ್ ಕಿತ್ಕೊಂಡ್ರೆ ಕೈ ಹೋಗುತ್ತೆ. ಅವರು ಬರೋವರೆಗೂ ಕಾರು ಹೊರಗೇ ಇರಲಿ."

ಮರುದಿನ ಮೆಕ್ಯಾನಿಕ್ ಬಂದು ತಿರುಪು ಸರಿಮಾಡಿದರು. ಬಾಗಿಲ ಕೆಳಗೆ ಮರದ ಹಲಗೆ ಮಲಗಿಸಿ ಗುಂಡಿ ಒತ್ತಿದರು. ಹಲಗೆಗೆ ತಾಗಿದ್ದೇ ತಡ, ಬಾಗಿಲು ಮೇಲೆ ಹೋಯಿತು. ಆಮೇಲೆ ಇಳಿಯುವ ಬಾಗಿಲಿನ ಕಣ್ಣುಗಳ ನಡುವೆ, ದೂರ ನಿಂತು, ಪೊರಕೆ ಚಾಚಿದರು. ತಾಗುವ ಮೊದಲೇ ಹಿಂತಿರುಗಿತು. ಆಗ ನನಗೆ ನೆಮ್ಮದಿಯಾಯಿತು.

ಈಗ ಪ್ರತಿ ತಿಂಗಳು ಈ ಪರೀಕ್ಷೆ ನಡೆಸುವ ಮೇಷ್ಟ್ರು ಮಾವನೇ. ಹೊಸ ಸ್ಟೂಲ್ ಬಾಗಿಲಿನಿಂದ ಒಳಗೆ, ಯಜಮಾನರು ಹಾಕಿಕೊಟ್ಟ ದೀಪದ ಕೆಳಗಿದೆ. ಗುಂಡಿ ಒತ್ತಿದವರು ಬಾಗಿಲು ಪೂರ್ತಿ ಮುಚ್ಚುವವರೆಗೆ ನೋಡುತ್ತ ನಿಲ್ಲಬೇಕೆಂದು ಮಾವನ ಅಪ್ಪಣೆ.

ನಿಮ್ಮ ಮನೆಯಲ್ಲೂ ಇಂಥ ಬಾಗಿಲಿದ್ದರೆ ಇವತ್ತೇ ಅದರ ಕಣ್ಣು ಒರೆಸಿ. ಪೊರಕೆ, ಹಲಗೆ ಇಟ್ಟು ನೋಡಿ. ಹಿಂತಿರುಗದಿದ್ದರೆ ಬಳಸುವುದು ನಿಲ್ಲಿಸಿ, ತಿಳಿದವರನ್ನು ಕರೆಯಿರಿ. ರಿಮೋಟ್ ಮಕ್ಕಳ ಕೈಗೆ ಸಿಗದ ಹಾಗಿಡಿ. ಬಾಗಿಲು ಹಠ ಮಾಡಿದರೆ ಬೈಯಬೇಡಿ, ಅದು ಯಾರನ್ನೋ ಉಳಿಸಲು ನೋಡುತ್ತಿರಬಹುದು. ನಮ್ಮ ಮುರಿದ ಸ್ಟೂಲ್ ಇನ್ನೂ ಆ ಕಪಾಟಿನ ಮೇಲೇ ಇದೆ. ಎಸೆಯೋಣವೆಂದರೆ ಯಜಮಾನರು ಬಿಡುವುದಿಲ್ಲ.